ಗೋಡೌನಿನ ಬಾಗಿಲು ನೀವು ಬಡಿದಿರಾ?

ನೆರಳುಪೇಟೆ,
ಹುಸಿಮಳೆ ತಿಂಗಳ ಮೂವತ್ತೇಳನೇ ತಾರೀಖು, ೨೩೪೧

ರೋಸಲಿನ್ ಅಜ್ಜಿಗೆ ನೇಸರಿ ಸಿದ್ದಿಯ ನಮಸ್ಕಾರ.

ನಿಮಗಿನ್ನೂ ಇಪ್ಪತ್ತಾರು, ನನಗೆ ಐವತ್ತು ದಾಟಿದೆ. ಆದರೂ ನನಗಿಂತ ಮುನ್ನೂರು ವರ್ಷ ಮೊದಲು ಹುಟ್ಟಿದವರು, ಲೆಕ್ಕದಲ್ಲಿ ಅಜ್ಜಿ ನೀವೇ, ಸಿಟ್ಟಾಗಬೇಡಿ. ನನ್ನ ಮಾತು ನಿಮಗೆ ವಿಚಿತ್ರ ಅನ್ನಿಸೀತು, ಮನ್ನಿಸಿ. ಹುಸಿಮಳೆ ಎಂದರೆ ಮೋಡ ಕಟ್ಟಿಯೂ ಹನಿ ಬೀಳದ ತಿಂಗಳು. ಬೇಸಿಗೆ ಉದ್ದವಾದ ಮೇಲೆ ಪಂಚಾಂಗದವರು ಅದನ್ನು ನಡುವೆ ತುರುಕಿದರು. ನಮ್ಮೂರಿನ ಬೀದಿಗಳ ಮೇಲೆಲ್ಲ ಬಿಸಿಲು ತಡೆಯುವ ಪರದೆ ಕಟ್ಟಿದೆ. ಆ ಪರದೆ ನೇಯುವ ಕಾರ್ಖಾನೆಯಲ್ಲಿ ನಾನು ಮೇಲ್ವಿಚಾರಕಿ. ಬೆಳಗ್ಗೆ ರಾಗಿ ಗಂಜಿ ಕುಡಿದು ಹೊರಡುತ್ತೇನೆ, ಅದೊಂದು ಬದಲಾಗಿಲ್ಲ. ಕೈನುಡಿಯನ್ನು, ಅಂದರೆ ಬೆರಳಿನಲ್ಲಿ ಆಡುವ ಮಾತನ್ನು, ನಮ್ಮ ಮಕ್ಕಳು ಅಕ್ಷರಕ್ಕಿಂತ ಮೊದಲೇ ಕಲಿಯುತ್ತಾರೆ. ಯಂತ್ರಗಳ ಗದ್ದಲದಲ್ಲಿ ನಾವೆಲ್ಲ ಹರಟುವುದು ಅದರಲ್ಲೇ, ಬೈಯುವುದೂ ಅದರಲ್ಲೇ. ಹೀಗಾಗಿ ನಿಮ್ಮ ಕತೆಯಲ್ಲಿ ಒಂದು ಸಂಗತಿ ನನಗೆ ಚಿಕ್ಕಂದಿನಿಂದಲೂ ಅರ್ಥವಾಗಿರಲಿಲ್ಲ: ನಿಮ್ಮ ಜೊತೆ ಕೆಲಸ ಮಾಡುವ ದ್ಯಾಮಣ್ಣನಿಗೆ ಕಿವಿ ಕೇಳಿಸದಿದ್ದರೆ ಏನಾಯಿತು?

ನಿಮ್ಮ ಕತೆ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಹುಬ್ಬಳ್ಳಿ ಹತ್ತಿರದ ಬಿಸ್ಕತ್ತಿನ ಕಾರ್ಖಾನೆ. ನೀವು, ದ್ಯಾಮಣ್ಣ ಇಬ್ಬರೂ ಅಲ್ಲಿ ಗುತ್ತಿಗೆಯವರು, ಪ್ಯಾಕಿಂಗಿನಲ್ಲಿ ಅಕ್ಕಪಕ್ಕ. ಆ ಕತೆ ನಡೆಯುವ ಹಿಂದಿನ ದಿನದ ನಿಮಗೆ ನಾನು ಬರೆಯುತ್ತಿದ್ದೇನೆ: ನಾಳೆ ಪರದೇಶದಿಂದ ಮಾಲು ಕೊಳ್ಳುವವರು ಕಾರ್ಖಾನೆ ನೋಡಲು ಬರುತ್ತಾರೆ. ಅಂಥ ದಿನ ಕೆಲವರನ್ನು ಗೋಡೌನಿನಲ್ಲಿ ಕೂರಿಸಿ ಹೊರಗಿನಿಂದ ಬೀಗ ಹಾಕುವುದು ಅಲ್ಲಿನ ಪದ್ಧತಿ. ಬೆಲೆಬಾಳುವವರನ್ನು ಒಡವೆಯ ಹಾಗೆ ಜೋಪಾನ ಮಾಡುತ್ತಿದ್ದರೇನೋ ಎಂದು ನಾನು ಚಿಕ್ಕವಳಿದ್ದಾಗ ತಿಳಿದಿದ್ದೆ! ಇವತ್ತು ಸೂಪರ್‌ವೈಸರ್ ನಿಮಗೆ ಹೇಳಿರಬೇಕು: "ನಾಳೆ ನೀ ಒಳಗ ಕುಂದ್ರವಾ. ನಿನ್ನ ಬಣ್ಣ, ಕೂದ್ಲಾ ನೋಡಿ ಆಫ್ರಿಕಾದಾಕಿ ಅಂತ ತಿಳೀತಾರ. ಆ ಕಿವುಡನ್ನೂ ಕರ್ಕೊಂಡ್ ಹೋಗು, ಅವ ನಕ್ರ ಆ ದನಿಗೆ ಬಂದವ್ರು ಅಂಜ್ತಾರ. ಸುಮ್ನ ಇದ್ರ ದೀಪಾವಳಿಗೆ ನಿನ್ನ ಪರ್ಮನೆಂಟ್ ಮಾಡಸ್ತೀನಿ." ಅದಕ್ಕೆ ನೀವು, "ನಮ್ಮ ಮುತ್ತಜ್ಜನೂ ಹಳಿಯಾಳದಾಗ ಹುಟ್ಯಾನ್ರಿ ಸರ್" ಎಂದಿರಂತೆ. ಈ ಮಾತು ಬಂದಾಗ ಮನೆಯವರೆಲ್ಲ ಈಗಲೂ ನಗುತ್ತಾರೆ. ನಾನು ಮಾತ್ರ ಎದ್ದು ತಟ್ಟೆ ತೊಳೆಯಲು ಹೋಗುತ್ತೇನೆ.

ನಾಳೆ ಏನಾಗುತ್ತದೆಂದು ಹೇಳಿಬಿಡುತ್ತೇನೆ. ಬೆಂಕಿ ಬಿದ್ದರೆ ಏನು ಮಾಡುತ್ತೀರಿ, ತೋರಿಸಿ ಎನ್ನುತ್ತಾರೆ ಬಂದವರು. ಸೈರನ್ ಕೂಗುತ್ತದೆ. ಅದು ಪರೀಕ್ಷೆಯೋ ನಿಜವಾದ ಬೆಂಕಿಯೋ ನಿಮಗೆ ತಿಳಿಯುವುದಿಲ್ಲ. ದ್ಯಾಮಣ್ಣನಿಗೆ ಸೈರನ್ ಕೂಗಿದ್ದೇ ತಿಳಿಯುವುದಿಲ್ಲ, ನಿಮ್ಮ ಮುಖ ನೋಡಿ ಗಾಬರಿಯಾಗುತ್ತಾನೆ. ಅಂಗಳದಲ್ಲಿ ತಲೆ ಎಣಿಸಿದ ಸೂಪರ್‌ವೈಸರ್, "ಎಲ್ಲಾರೂ ಹೊರಗ ಬಂದಾರ್ರಿ!" ಎಂದು ಕೂಗುತ್ತಾನೆ. ಗೋಡೆಯಾಚೆಯಿಂದ ಅದು ನಿಮಗೆ ಕೇಳಿಸುತ್ತದೆ.

ಇಲ್ಲಿಂದ ಕತೆ ಎರಡಾಗುತ್ತದೆ. ನಮ್ಮ ದೊಡ್ಡಮ್ಮ ಹೇಳುವಂತೆ ನೀವು ದ್ಯಾಮಣ್ಣನ ಕೈ ಹಿಡಿದು ಸುಮ್ಮನೆ ಕೂತಿರಿ, ಕೆಲಸ ಕಾಯಂ ಆಯಿತು, ಅದರಿಂದಲೇ ನಮ್ಮ ಮನೆತನ ನೆಲೆ ನಿಂತಿತು. ಚಿಕ್ಕಪ್ಪ ಹೇಳುವಂತೆ ಪರದೇಶದವರು ಓಡಿ ಬರುವ ತನಕ ಬಾಗಿಲು ಬಡಿದಿರಿ, ಮರುದಿನವೇ ಕೆಲಸ ಹೋಯಿತು. ಮದುವೆಯಿರಲಿ ಸಾವಿರಲಿ, ಈ ಜಗಳವಿಲ್ಲದೆ ನಮ್ಮಲ್ಲಿ ಊಟ ಮುಗಿದದ್ದಿಲ್ಲ. ಯಾವುದು ನಿಜ ಎಂದು ನಿಮ್ಮನ್ನೇ ಕೇಳೋಣವೆಂದು ಬರೆಯಲು ಕೂತೆ.

ಇವತ್ತೇ ಕೇಳುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮಲ್ಲಿಗೆ ತೇಲೂರಿನಿಂದ, ಅಂದರೆ ಮುಳುಗಿದ ಕರಾವಳಿಯ ತೆಪ್ಪದ ಊರುಗಳಿಂದ, ಋತುಗೂಲಿಗೆ ಜನ ಬರುತ್ತಾರೆ. ಒಂದು ಹಂಗಾಮಿಗಷ್ಟೇ ಕೆಲಸ. ಉಪ್ಪುಗಾಳಿಗೆ ಅವರ ಚರ್ಮ ಬೆಳ್ಳಗೆ ಸುಲಿದು ಹೋಗಿದೆ, ಕೆಲವರು ಉಸಿರಾಡಲು ಗಾಳಿ ತುಂಬಿದ ಉಸಿರುಚೀಲ ಕಟ್ಟಿಕೊಂಡೇ ನಡೆಯುತ್ತಾರೆ. ನಾಳೆ ನಮ್ಮಲ್ಲೂ ಕಾರ್ಖಾನೆ ನೋಡುವವರು ಬರುತ್ತಿದ್ದಾರೆ. ತೇಲೂರಿನವರನ್ನು ನೂಲಿನ ಕೋಣೆಯಲ್ಲಿ ಕೂರಿಸಿ ಎಂದು ಮೇಲಿನವರು ನನಗೆ ಬೀಗದ ಕೈ ಕೊಟ್ಟಿದ್ದಾರೆ. ಎಷ್ಟು ಮರ್ಯಾದೆಯಿಂದ ಹೇಳಿದರೆಂದರೆ, ನಾನು "ಆಗಲಿ" ಎಂದುಬಿಟ್ಟೆ.

ಇಷ್ಟು ಬರೆಯುವಾಗ ಹೊಳೆಯಿತು ಅಜ್ಜಿ. ನೀವು ಬಡಿದಿರೋ ಇಲ್ಲವೋ ಎಂದು ಮುನ್ನೂರು ವರ್ಷ ಕಿತ್ತಾಡಿದೆವು. ಬೀಗ ಹಾಕಿದವನ ಹೆಸರೇನು, ಅವನೇಕೆ ಹಾಕಿದ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಅವನೂ ನನ್ನ ಹಾಗೆಯೇ "ಆಗಲಿ" ಎಂದಿರಬೇಕು.

ನಿಮಗೆ ಬುದ್ಧಿ ಹೇಳಲಾರೆ. ಸುಮ್ಮನೆ ಕೂತರೂ ನೀವು ನಮ್ಮವರೇ, ಬಾಗಿಲು ಬಡಿದರೂ ನಮ್ಮವರೇ. ನಾನು ಮಾತ್ರ ಬೆಳಗ್ಗೆ ಹೋಗಿ ಬೀಗದ ಕೈ ವಾಪಸು ಕೊಡುತ್ತೇನೆ. ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೋ ತಿಳಿಯದು, ಅದೇ ಹೆದರಿಕೆ. ನಿಮಗೂ ಇಷ್ಟೇ ಹೆದರಿಕೆಯಾಗಿತ್ತೇ? ಅದೊಂದನ್ನು ಯಾರಿಗಾದರೂ ಹೇಳಿಡಿ ಅಜ್ಜಿ, ನಮ್ಮ ತನಕ ಬರಲಿ.