ಎಡಗಣ್ಣಿನ ಕೆಳಗಿನ ಚೌಕ

ಹಿರೇಕೆರೂರು
14 ನವೆಂಬರ್ 2024

ಅವ್ವನಿಗೆ ತನುಜಾಳ ನಮಸ್ಕಾರ.

ಹತ್ತು ದಿನದಿಂದ ನೀನು ನನ್ನ ಫೋನ್ ಎತ್ತಿಲ್ಲ. ಅದಕ್ಕೇ ಪತ್ರ. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ನಿದ್ದೆಯೂ ಬರುತ್ತದೆ. ವನಜಾ ಸತ್ತ ಮೇಲೆ ಒಮ್ಮೆಯೂ ಅತ್ತಿಲ್ಲ. ಅದನ್ನು ನೀನೂ ನೋಡಿದ್ದೀ.

ಅವಳ ಶಿವಗಣಾರಾಧನೆಯ ದಿನ ನಾನು ತಂದ ಫೋಟೋವನ್ನು ಕುರ್ಚಿಯ ಮೇಲಿಟ್ಟು, ಗಾಜಿಗೆ ವಿಭೂತಿ ಬಳಿದು, ಮೊದಲ ಹಾರ ನೀನೇ ಹಾಕಿದೆ. ಪಕ್ಕದ ಮನೆಯ ಅನ್ನವ್ವ, "ಥೇಟ್ ನಮ್ಮ ತನುಜಾನ ಕುಂತಂಗ ಐತಿ ನೋಡ ಸರೋಜವ್ವ" ಎಂದಳು. ನೀನು ಬಗ್ಗಿ ನೋಡಿದೆ. ಎಡಗಣ್ಣಿನ ಕೆಳಗೆ ಮಚ್ಚೆ ಇರಲಿಲ್ಲ. ಅವಳಿಗಳಾದ ನಾವು ಹುಟ್ಟಿದಾಗಿನಿಂದ, ಯಾರು ಯಾರೆಂದು ನೀನು ಗುರುತಿಸಿದ್ದು ವನಜಾಳ ಆ ಮಚ್ಚೆಯಿಂದ. ನೀನು ಹಾರ ಕಿತ್ತು, ಫೋಟೋವನ್ನು ಗೋಡೆಯ ಕಡೆ ತಿರುಗಿಸಿದೆ. "ಜೀವಂತ ಇದ್ದಾಕಿಗೆ ನನ್ನ ಕೈಲೆ ಹಾರ ಹಾಕಿಸಿದೆಲ್ಲ! ನನ್ನ ವನಜಾನ್ನ ತಂದು ಕೊಡು, ಆಮ್ಯಾಲೆ ನನ್ನ ಕೂಡ ಮಾತಾಡು" ಎಂದೆ. ಉಣ್ಣಲು ಕುಳಿತವರೆಲ್ಲ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ ನನ್ನ ಕಡೆ ತಿರುಗಿದರು.

ಹೇಗಾಯಿತು ಎಂದು ಹೇಳುತ್ತೇನೆ.

ಅವಳ ಫೋಟೋಗಳೇ ಇಲ್ಲ. ಸ್ಕೂಟಿ ಕಾಲುವೆಗೆ ಬಿದ್ದಾಗ ಫೋನೂ ಅವಳ ಜೊತೆಗೇ ಹೋಯಿತು. ಆಧಾರ್ ಕಾರ್ಡಿನಲ್ಲಿರುವುದು ಒಂಬತ್ತು ವರ್ಷದ ಹುಡುಗಿ. ಯಾರಾದರೂ ಕ್ಯಾಮೆರಾ ಹಿಡಿದರೆ ಅವಳು, "ಇಬ್ಬರದೂ ಒಂದ ಮಾರಿ ಐತಿ. ತನುಜಾಂದು ತಗೀರಿ, ನಂದೂ ಬಂದಂಗ" ಎಂದು ಹಿಂದೆ ಸರಿಯುತ್ತಿದ್ದಳು. ಸಿಕ್ಕಿದ್ದು ಒಂದೇ. ಹಂಸಭಾವಿಯಲ್ಲಿ ಮಾವನ ಮಗ ರುದ್ರೇಶನ ಮದುವೆಯಲ್ಲಿ ತೆಗೆದದ್ದು. ಕೊನೆಯ ಸಾಲಿನಲ್ಲಿ ನಿಂತಿದ್ದಾಳೆ.

ಕಂಪ್ಯೂಟರಿನಲ್ಲಿ ಫೋಟೋ ಎಂದರೆ ಚೌಕಗಳು, ಅವ್ವ. ಲೆಕ್ಕದ ಪಟ್ಟಿಯಲ್ಲಿರುವಂಥವು. ಕಪ್ಪು ಬಿಳುಪಿನ ಫೋಟೋ ಆದರೆ ಪ್ರತಿ ಚೌಕದಲ್ಲಿ ಒಂದು ಅಂಕಿ. ಸೊನ್ನೆ ಎಂದರೆ ಕಪ್ಪು, ಇನ್ನೂರ ಐವತ್ತೈದು ಎಂದರೆ ಬಿಳುಪು. ನಮ್ಮ ಸ್ಟುಡಿಯೋಗೆ ಬರುವ ಗಿರಾಕಿಗಳು "ನಮ್ಮ ಹುಡುಗೀನ್ನ ಸ್ವಲ್ಪ ಬೆಳ್ಳಗ ಮಾಡವಾ" ಎಂದರೆ ಎಲ್ಲ ಅಂಕಿಗೂ ಇಪ್ಪತ್ತು ಕೂಡಿಸುತ್ತೇನೆ. ಆ ಮದುವೆಯ ಫೋಟೋವನ್ನು ಕಪ್ಪು ಬಿಳುಪು ಮಾಡಿಕೊಂಡೆ; ಅದರಲ್ಲಿ ವನಜಾಳ ಮುಖ ಇಪ್ಪತ್ತನಾಲ್ಕು ಚೌಕ ಅಗಲ, ಮೂವತ್ತು ಎತ್ತರ. ಒಟ್ಟು ಏಳುನೂರ ಇಪ್ಪತ್ತು ಅಂಕಿ. ಅವಳದು ಉಳಿದಿರುವುದು ಅಷ್ಟೇ.

ಗೋಡೆಯ ಫೋಟೋಗೆ ಲಕ್ಷಗಟ್ಟಲೆ ಚೌಕ ಬೇಕು. ದೊಡ್ಡದು ಮಾಡಿದರೆ ಇಲ್ಲದ ಚೌಕಗಳನ್ನು ಕಂಪ್ಯೂಟರ್ ಅಕ್ಕಪಕ್ಕದ ಅಂಕಿ ನೋಡಿ ಊಹಿಸಿ ತುಂಬುತ್ತದೆ. ಮುಖ ಮಂಜಾಗುತ್ತದೆ. ಸ್ಟುಡಿಯೋದ ಮಾಲೀಕರು ಕರಬಸಪ್ಪನವರು ನೋಡಿ, "ಇಲ್ಲದ್ದನ್ನ ಎಲ್ಲಿಂದ ತರ್ತೀ ತಂಗಿ?" ಎಂದರು. ಮುಖದ ಮೇಲೆ ಕಲೆಗಳೂ ಇದ್ದವು. ಅವನ್ನು ತೆಗೆಯುವ ಒಂದು ವಿಧಾನವಿದೆ: ಒಂದು ಚೌಕ, ಅದರ ಸುತ್ತಲಿನ ಎಂಟು, ಹೀಗೆ ಒಂಬತ್ತು ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಡುವಿನದನ್ನು ಆ ಚೌಕಕ್ಕೆ ಕೊಡುವುದು. ನೆರೆಯವರಂತಿಲ್ಲದ ಚೌಕ ಹೀಗೆ ಅಳಿಸಿಹೋಗುತ್ತದೆ. ಅದು ದೂಳೋ ಮಚ್ಚೆಯೋ ಎಂದು ಕಂಪ್ಯೂಟರಿಗೆ ತಿಳಿಯದು. ಮಚ್ಚೆ ಹೋದದ್ದು ಹಾಗೆ. ನಾನು ನೋಡಬೇಕಿತ್ತು, ನೋಡಲಿಲ್ಲ. ತಪ್ಪು ಇಷ್ಟೇ.

ಇದರ ಜೊತೆ ಪೋಸ್ಟ್‌ಕಾರ್ಡಿನಷ್ಟು ಒಂದು ಪ್ರಿಂಟ್ ಇಟ್ಟಿದ್ದೇನೆ. ಅದೇ ಏಳುನೂರ ಇಪ್ಪತ್ತು ಚೌಕ. ಒಂದೊಂದನ್ನೂ ಹಾಗೇ ದೊಡ್ಡದು ಮಾಡಿದ್ದೇನೆ, ಊಹಿಸಿ ಏನೂ ತುಂಬಿಲ್ಲ. ಕೈಯಲ್ಲಿ ಹಿಡಿದು ನೋಡಿದರೆ ಬರೀ ಚೌಕ ಕಾಣುತ್ತವೆ. ಜಗಲಿಯ ಮೇಲಿಟ್ಟು, ಹೊಸ್ತಿಲ ತನಕ ಹಿಂದೆ ಸರಿದು ನೋಡು. ಕಣ್ಣಿನ ಕೆಳಗೆ ಒಂದು ಚೌಕ ಮಾತ್ರ ಕಪ್ಪಾಗಿದೆ. ಅಂಕಿ ಅರವತ್ತೊಂದು. ಸುತ್ತಲಿನವೆಲ್ಲ ನೂರ ನಲವತ್ತರ ಮೇಲೆ. ಅದನ್ನು ನಾನು ಮುಟ್ಟಿಲ್ಲ.

ಹಾರ ಹಾಕುವುದಾದರೆ ಇದಕ್ಕೆ ಹಾಕು.

ನಿನ್ನ ಮಗಳು, ಮಚ್ಚೆ ಇಲ್ಲದವಳು,
ತನುಜಾ

ತಾ.ಕ.: ಪಾಕೀಟು ಅಂಟಿಸುವ ಮೊದಲು ಇದನ್ನೂ ಬರೆಯುತ್ತೇನೆ. ಮಚ್ಚೆಯನ್ನು ಕಂಪ್ಯೂಟರ್ ಅಳಿಸಲಿಲ್ಲ. ನೀನು ಹೇಳಿದ್ದೇ ನಿಜ, ಅವತ್ತು ಹಾರ ಹಾಕಿದ ಆ ಫೋಟೋ ನನ್ನದು. ಅವಳ ನೀಲಿ ಸೀರೆ ಉಟ್ಟು ಸ್ಟುಡಿಯೋದಲ್ಲೇ ಕುಳಿತೆ. ಕರಬಸಪ್ಪನವರು, "ಅಂತೂ ವರ ನೋಡಾಕ ಒಪ್ಪಿದೆಲ್ಲವಾ" ಎಂದು ನಗುತ್ತ ತೆಗೆದರು. ಆಮೇಲೆ ಎಡಗಣ್ಣಿನ ಕೆಳಗೆ ಮಚ್ಚೆ ಇಟ್ಟೆ. ಇಟ್ಟ ಕೂಡಲೇ ಪರದೆಯ ಮೇಲೆ ವನಜಾ ಕುಳಿತು ನನ್ನನ್ನು ನೋಡಿದಳು. ಅಳಿಸಿದೆ. ಮೂರು ಸಲ ಇಟ್ಟೆ, ಮೂರು ಸಲ ಅಳಿಸಿದೆ. ಅವಳನ್ನು ಹಾರದ ಹಿಂದೆ ಕೂರಿಸಲು ಕೈ ಬರಲಿಲ್ಲ. ನನ್ನನ್ನೇ ಪ್ರಿಂಟಿಗೆ ಕಳಿಸಿದೆ.