ಲೋಟದ ತಳದ ಬಿಳಿ ಪುಡಿ

ಹೊಳೆನರಸೀಪುರ
೧೨-೧೧-೨೦೨೪, ಮಂಗಳವಾರ

ಚಿರಂಜೀವಿ ಅರುಣನಿಗೆ ನಿನ್ನಪ್ಪನ ಆಶೀರ್ವಾದ.

ಗಡಿಯ ಕಡೆ ಚಳಿ ಶುರುವಾಗಿರಬೇಕು. ನಿನ್ನ ಬೆನ್ನುನೋವು ಹೇಗಿದೆ? ಕ್ಯಾಂಪಿನ ಊಟ ಒಗ್ಗಿದೆ ಎಂದು ನೀನು ಹೇಳುವುದನ್ನು ನಾನು ನಂಬುವುದಿಲ್ಲ, ಬಿಡು. ಫೋನು ಮಾಡದೆ ಕಾಗದವೇಕೆ ಎನ್ನಬೇಡ. ಫೋನು ತನ್ನ ಮಾತು ಕದ್ದು ಕೇಳುತ್ತದೆಂದು ನಿನ್ನ ಮಗಳು ಭಾನುವಾರ ಸಂಜೆಯಿಂದ ಅದನ್ನು ಟವೆಲ್ಲಿನಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿಟ್ಟಿದ್ದಾಳೆ. ತೆಗೆಯಹೋದರೆ ನಡುಗುತ್ತಾಳೆ.

ಧನ್ಯಾಳ ಬಗ್ಗೆ ಹಾಸನದ ಡಾಕ್ಟರು ಹೇಳಿದ್ದು ನಿನಗೆ ಗೊತ್ತು. ಇಲ್ಲದ ದನಿ ಅವಳಿಗೆ ನಿಜವಾಗಿಯೇ ಕೇಳುತ್ತದೆ, ಅದು ನಾಟಕವಲ್ಲ, ಗಾಳಿ ಸೋಕಿದ್ದೂ ಅಲ್ಲ. ಹದಿಮೂರರ ಮಕ್ಕಳಿಗೂ ಅಪರೂಪಕ್ಕೆ ಬರುವ ಕಾಯಿಲೆ, ಬೇಗ ಮದ್ದು ಶುರುಮಾಡಿದರೆ ಹಿಡಿತಕ್ಕೆ ಬರುತ್ತದೆ. ದಿನಕ್ಕೊಂದೇ ಮಾತ್ರೆ, ಅವಳಿಗೆ ಹೇಳಿಯೇ ಕೈಗೆ ಕೊಡಿ ಎಂದಿದ್ದರು. ನನಗೆ ಅವರ ಮೇಲೆ ಮೊದಲಿನಿಂದಲೂ ಅನುಮಾನ. ಚಿಕ್ಕ ವಯಸ್ಸು, ಎಲ್ಲದಕ್ಕೂ ನಗು. ದನಿ ಕಡಿಮೆಯಾಗಿದೆ ಎಂದು ಧನ್ಯಾ ತಾನೇ ಹೇಳಿದ್ದು ನಿಜ. ಆದರೆ ಎರಡು ವಾರದಿಂದ ಮಗುವಿಗೆ ಹಗಲೆಲ್ಲ ತೂಕಡಿಕೆ, ಕತ್ತು ಬಿಗಿ, ಕೈನಡುಕ. ಈ ಮದ್ದು ಒಗ್ಗುತ್ತಿಲ್ಲವೇನೋ, ಗುರುವಾರ ಬನ್ನಿ, ನಿಲ್ಲಿಸೋಣ ಎಂದು ನಿನ್ನ ಹೆಂಡತಿಗೆ ಹೇಳಿದ್ದಾರೆ.

ಭಾನುವಾರ ಬೆಳಿಗ್ಗೆ ಹಾಲು ಕುಡಿದ ಲೋಟದ ತಳದಲ್ಲಿ ಧನ್ಯಾಳಿಗೆ ಬಿಳಿ ಪುಡಿ ಕಂಡಿತು. "ಅಮ್ಮ ಇಸ ಬೆರ್ಸವ್ಳೆ ಕಣ್ತಾತ," ಎಂದು ನನ್ನ ಬೆನ್ನ ಹಿಂದೆ ಬಂದು ನಿಂತಳು. ಅಂದಿನಿಂದ ತಾಯಿಯ ಕೈಯ ಅನ್ನ ಮುಟ್ಟಿಲ್ಲ. ಕಣ್ಣೆದುರೇ ನಾನು ಕೆತ್ತಿಕೊಟ್ಟ ಎಳನೀರು, ತಾನೇ ಸುಲಿದ ಬಾಳೆಹಣ್ಣು, ಅಷ್ಟೆ. ಶೋಭಿತಾ ಒಲೆಯ ಮುಂದೆ ನಿಂತು ಅಳುತ್ತಾಳೆ. "ನಾನೇನೂ ಬೆರ್ಸಿಲ್ಲ ಮಾವ, ನೀವಾದ್ರೂ ನಂಬಿ," ಎಂದಳು. ನಾನು ಎಳನೀರು ಕೆತ್ತಲು ಹಿತ್ತಲಿಗೆ ಹೋದೆ. ನೀನು ಅಂದೇ ಫೋನಿನಲ್ಲಿ ಅವಳನ್ನು ಬಾಯಿಗೆ ಬಂದಂತೆ ಬೈದೆಯಂತೆ. ಇಪ್ಪತ್ತಾರು ವರ್ಷ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಿದವನು ನಾನು. ನೀರು ಬೆರೆಸಿದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದೆ. ನಮ್ಮ ತಮ್ಮಯ್ಯನ ಹಾಲನ್ನೂ, ನೆಂಟನೆಂದು ನೋಡದೆ, ಊರವರೆದುರೇ ವಾಪಸು ಕಳಿಸಿದ್ದೆ. ಶೋಭಿತಾಳ ಮುಖದಲ್ಲಿ ಅಂಥದ್ದೇನೂ ಕಾಣಲಿಲ್ಲ ಎಂದಷ್ಟೇ ಈಗ ಬರೆಯಬಲ್ಲೆ.

ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಹೋದಲ್ಲೆಲ್ಲ ದೇವರು ನಿನ್ನ ಜೊತೆಗಿರಲಿ.

ನಿನ್ನ ಅಪ್ಪ,
ಕೆಂಪಣ್ಣ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಕಿತ್ತು ಬರೆಯುತ್ತಿದ್ದೇನೆ. ಬೆರೆಸಿದವನು ನಾನೇ. ಶೋಭಿತಾ ಮಾತ್ರೆ ಕೊಡುತ್ತಿಲ್ಲವೆಂಬ ಗುಮಾನಿ ನನಗೆ. ಡಾಕ್ಟರ ಚೀಟಿ ತೋರಿಸಿ ಅದೇ ಮಾತ್ರೆಯ ಇನ್ನೊಂದು ಪಟ್ಟಿ ತಂದು, ಎರಡು ವಾರದಿಂದ ದಿನಾ ಒಂದನ್ನು ಅರೆದು ಹಾಲಿಗೆ ಹಾಕುತ್ತಿದ್ದೆ. ಇವತ್ತು ಅವಳ ಪಟ್ಟಿಯ ಮಾತ್ರೆ ಎಣಿಸಿದೆ, ಅವಳು ಸರಿಯಾಗಿಯೇ ಕೊಡುತ್ತಿದ್ದಳು. ಮಗುವಿನ ಹೊಟ್ಟೆಗೆ ಎರಡೆರಡು ಹೋಗಿದೆ. ತಪ್ಪು ಮದ್ದಿನದಲ್ಲ, ಡಾಕ್ಟರದೂ ಅಲ್ಲ; ಮೇಲೆ ಅವರನ್ನು ದೂರಿ ಬರೆದದ್ದು ನನ್ನ ತಪ್ಪು ಮುಚ್ಚಿಕೊಳ್ಳಲು. ನಾಚಿಕೆಯಿಂದ ಸಾಯುವಂತಾಗಿದೆ. ಈಗಷ್ಟೇ ಶೋಭಿತಾಳಿಗೆ ಹೇಳಿದೆ. ಡಾಕ್ಟರಿಗೆ ತಿಳಿಸಲು ಫೋನಿಗೆಂದು ಅಕ್ಕಿ ಡಬ್ಬಕ್ಕೆ ಕೈ ಹಾಕಿದಳು. ನೀನು ಅವಳ ಕ್ಷಮೆ ಕೇಳು. ಧನ್ಯಾಳಿಗೆ ಇನ್ನೂ ಹೇಳಿಲ್ಲ. ಈ ಮನೆಯಲ್ಲಿ ಅವಳು ನಂಬಿರುವುದು ನನ್ನೊಬ್ಬನನ್ನೇ. ಹೇಳಿದರೆ ಅದೂ ಹೋಗುತ್ತದೆ, ಹೇಳದಿದ್ದರೆ ಅವಳಿಗೆ ಅಮ್ಮ ಸಿಗುವುದಿಲ್ಲ. ಎಳನೀರು ಕೆತ್ತಿಕೊಡು ಎಂದು ಹಿತ್ತಲಿನಿಂದ ಕರೆಯುತ್ತಿದ್ದಾಳೆ. ಹೋಗಿ ಹೇಳಿಬಿಡುತ್ತೇನೆ.