ಸಗಣಿಯ ಕೆಳಗಿನ ಡೈಸಿ

ಮುನೀಂದ್ರ,

ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ್ದೀಯ, ಎಬ್ಬಿಸಲು ಮನಸ್ಸಾಗಲಿಲ್ಲ. ಬೊಮ್ಮಸಂದ್ರದ ಬಸ್ಸಿಗೆ ಹೊರಟೆ. ಹುಳಿ ಬಿಸಿ ಮಾಡಿಕೊ.

ಅಂಗಳಕ್ಕೆ ಹೋಗುವ ಮೊದಲು ಇದನ್ನು ಓದು. ನಿನ್ನ ಶಾಂಭವಿ ಆರಿಸಿಟ್ಟಿದ್ದ ಕಾಡು ಡೈಸಿ ಹೂವಿನ ಬೀಜವನ್ನು ನೀನು ಉದುರಿಸಿದ್ದೆಯಲ್ಲ, ಆ ಜಾಗವನ್ನು ಅಮ್ಮ ಬರೀ ನೆಲ ಅಂದುಕೊಂಡು ಗುಡಿಸಿ, ದಪ್ಪಗೆ ಸಗಣಿ ಸಾರಿಸಿ ರಂಗೋಲಿ ಇಟ್ಟಿದ್ದಾಳೆ. "ಸೊಸೆ ತೀರ್ಕಂಡ್ಮೇಲೆ ಅಂಗ್ಳ ಬಿಕೋ ಅಂತಿತ್ತು ಕಣೆ, ಇವತ್ತು ಕಳೆ ಬಂತು ನೋಡು" ಅಂದಳು.

ಬೆಳಕು ತಾಗದಿದ್ದರೆ ಅದು ಮೊಳೆಯುವುದಿಲ್ಲ, ಮೇಲೆ ಮಣ್ಣೂ ಮುಚ್ಚಬಾರದು ಅಂತ ನೀನೇ ಹೇಳಿದ್ದೆ. ಅಂಚಿನಲ್ಲಿ ಕೆರೆದು ನೋಡಿದೆ, ಒಂದು ಬೀಜವೂ ಸಿಗಲಿಲ್ಲ. ಬೇರೆ ಬೀಜ ಉಳಿದಿಲ್ಲವೆಂದೂ ಗೊತ್ತು. ಮುನೇಶ್ವರನಿಗೆ ದೀಪ ಹಚ್ಚಿದೆ, ಏನು ಬೇಡಿಕೊಳ್ಳಬೇಕೋ ತೋಚಲಿಲ್ಲ. ಭೂಮಿತಾಯಿ ಶಾಂಭವಿಯನ್ನೂ ಇಟ್ಟುಕೊಂಡಳು, ಅವಳ ಬೀಜವನ್ನೂ ಇಟ್ಟುಕೊಂಡಳು.

ಅಮ್ಮನ ಮೇಲೆ ರೇಗಬೇಡ. ಅದು ಯಾರ ಬೀಜ ಅಂತ ತಿಳಿದರೆ ಅವಳು ಊಟ ಬಿಟ್ಟು ಕೂರುತ್ತಾಳೆ. "ಇವ್ನ್ಯಾಕೆ ದಿನಾ ಬರೀ ನೆಲಕ್ಕೆ ನೀರ್ ಚಿಮುಕಿಸ್ತಾನೆ" ಅಂತ ಕೇಳಿದ್ದಳು, ಧೂಳು ಏಳದಿರಲಿ ಅಂತ ಹೇಳಿದ್ದೆ. ಈಗ ನಿಲ್ಲಿಸಿದರೆ ಅನುಮಾನ ಬರುತ್ತದೆ. ಸಂಜೆ ಅವಳು ಬಾಗಿಲಲ್ಲಿ ಕೂತಿರುವಾಗಲೇ ಎಂದಿನ ಹಾಗೆ ಚಿಮುಕಿಸು.

ಅಕ್ಕ